ಟೀಪಾಯಿ ಮೇಲಿನ ಅರಳಿಮರ

ನಾನು ಕೆಲಸ ಬಿಟ್ಟ ಮೇಲೆ ನಮ್ಮ ನರ್ಸರಿಗೆ ಇಬ್ಬರು ಹುಡುಗಿಯರು ಸೇರಿದ್ದಾರೆ. ಇಬ್ಬರೂ ತೋಟಗಾರಿಕೆ ಡಿಪ್ಲೊಮಾ ಓದಿದವರು, ಚುರುಕಾದವರು. ಮೊನ್ನೆ ಪಾಲಹಳ್ಳಿಯ ನಮ್ಮ ಮನೆಗೆ ಬಂದು, "ಜಯಮ್ಮಾಂಟಿ, ಮೊದಲನೇ ಸಲ ಬೋನ್ಸಾಯ್ ತಗೊಳ್ಳೋಕೆ ಬರೋರಿಗೆ ಏನೇನು ಹೇಳ್ಬೇಕು, ಒಂಚೂರು ಬರ್ಕೊಡಿ" ಎಂದು ಕೇಳಿದರು. ಮಣ್ಣಿನ ಪಾಕ, ಗೊಬ್ಬರದ ಅಳತೆ ಎಲ್ಲ ಫೋನಿನಲ್ಲೇ ಸಿಗುತ್ತದೆ. ಅದನ್ನು ಮತ್ತೆ ಬರೆದು ನಾನು ಕಾಗದ ಯಾಕೆ ದಂಡ ಮಾಡಲಿ? ಗಿರಾಕಿಗಳು ಹೇಗಿರುತ್ತಾರೆ ಅನ್ನುವುದು ಮಾತ್ರ ಫೋನಿನಲ್ಲಿ ಸಿಗುವುದಿಲ್ಲ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ನಮ್ಮ ನರ್ಸರಿ ಇರುವುದು ಕಿರಂಗೂರಿನ ಹತ್ತಿರ, ರಸ್ತೆ ಪಕ್ಕದಲ್ಲಿ. ಯಜಮಾನರು ಖಾದರ್ ಸಾಹೇಬರು. ಮೊದಲು ಹಳೇ ಟೈರಿನ ವ್ಯಾಪಾರ ಮಾಡುತ್ತಿದ್ದವರು. ಟೈರೊಳಗೆ ಮಣ್ಣು ತುಂಬಿ ಗುಲಾಬಿ ನೆಟ್ಟರೆ ಟೈರಿಗಿಂತ ಬೇಗ ಖರ್ಚಾಗುತ್ತದೆ ಅನ್ನುವುದು ಗೊತ್ತಾದ ಮೇಲೆ ಗಿಡದ ಕಡೆ ತಿರುಗಿದರು. ನಾನು ಅಲ್ಲಿಗೆ ಸೇರಿದ್ದು ಕವರಿಗೆ ಮಣ್ಣು ತುಂಬಲು. ಕೆಲಸ ಬಿಡುವಾಗ ಬೋನ್ಸಾಯ್ ಶೆಡ್ಡಿನ ಮೇಲ್ವಿಚಾರಕಿ. ಕವರಿಗೆ ಮಣ್ಣು ತುಂಬುತ್ತಿದ್ದವಳು ಟ್ರೇಗೆ ಮಣ್ಣು ತುಂಬುವವಳಾದೆ, ಬಡ್ತಿಯ ಕಥೆ ಇಷ್ಟೇ.

ಬೋನ್ಸಾಯ್ ನಮ್ಮಲ್ಲಿಗೆ ಬಂದದ್ದು ಸಾಹೇಬರ ಒಂದು ಬೆಂಗಳೂರು ಪ್ರಯಾಣದಿಂದ. ಯಾವುದೋ ಫಲಪುಷ್ಪ ಪ್ರದರ್ಶನ ನೋಡಿ ವಾಪಸ್ ಬಂದವರು ಒಂದು ಕತ್ತರಿ, ಒಂದು ಸುರುಳಿ ತಂತಿ ತಂದು ನನ್ನ ಮುಂದೆ ಇಟ್ಟರು.

"ಜಯಮ್ಮ, ನಾವು ಇಷ್ಟು ದಿನ ಚಿಕ್ಕ ಗಿಡಾನ ದೊಡ್ಡದು ಮಾಡಿ ಮಾರ್ತಾ ಇದ್ವಿ. ಅಲ್ಲಿ ದೊಡ್ಡ ಮರಾನ ಚಿಕ್ಕದು ಮಾಡಿ ಮಾರ್ತಾರೆ. ಜನ ಕ್ಯೂ ನಿಂತವ್ರೆ. ಕ್ಯಾ ದುನಿಯಾ ಹೈ ದೇಖೋ."

ಕಲಿಯುವಾಗ ನಾನು ಕೊಂದ ಗಿಡಗಳಿಗೆ ಲೆಕ್ಕವಿಲ್ಲ. ಆದರೆ ಕೈ ಪಳಗಿತು. ಅದಕ್ಕಿಂತ ಹೆಚ್ಚಾಗಿ ಗಿರಾಕಿಯನ್ನು ಕೇಳಬೇಕಾದ ಪ್ರಶ್ನೆ ಪಳಗಿತು. "ಮನೇಲಿ ಬೆಳಕು ಚೆನ್ನಾಗಿದ್ಯಾ?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ತಮ್ಮ ಮನೆ ಕತ್ತಲು ಅಂತ ಒಪ್ಪಿಕೊಂಡವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಅದಕ್ಕೇ ನಾನು, "ಅಕ್ಕಿಯಲ್ಲಿ ಕಲ್ಲು ಆರಿಸೋಕೆ ಎಲ್ಲಿ ಕೂತ್ಕೊತೀರಿ?" ಎಂದು ಕೇಳುತ್ತಿದ್ದೆ. ಆ ಜಾಗ ಯಾವ ಕಿಟಕಿಯ ಹತ್ತಿರವಿದೆಯೋ ಅಲ್ಲೇ ಗಿಡ ಇಡಬೇಕು. ಲೈಟು ಹಾಕಿಕೊಂಡು ಅಕ್ಕಿ ಆರಿಸುವ ಮನೆಯಾದರೆ ಅವರಿಗೆ ಪ್ಲಾಸ್ಟಿಕ್ಕಿನದೇ ಸರಿ. ಮೊದಲ ಸಲದವರಿಗೆ ಜೇಡ್ ಗಿಡ ಅಥವಾ ಫೈಕಸ್ ಕೊಡಿ. ಎರಡೂ ಬೈಸಿಕೊಂಡು ಬದುಕುವ ಜಾತಿ. ಕುಂಡ ಎತ್ತಿ ತಳದಲ್ಲಿ ತೂತು ಇದೆಯೇ ನೋಡಿ ಕೊಡಿ. ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಗಿಡ ಕುಂಡದೊಳಗೆ ತೂರಾಡಬಾರದು. ತೂರಾಡಿದರೆ ನಿನ್ನೆ ಮೊನ್ನೆ ನೆಟ್ಟದ್ದು ಎಂದು ಅರ್ಥ, ಅದನ್ನು ಇನ್ನೂ ಮಾರಬಾರದು.

ಇಷ್ಟು ಹೇಳಿ ಕೊಟ್ಟರೂ ಜನ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಶ್ರೀರಂಗಪಟ್ಟಣದ ಒಬ್ಬ ಲಾಡ್ಜ್ ಯಜಮಾನರು ಒಳ್ಳೆಯ ಫೈಕಸ್ ಒಂದನ್ನು ತೆಗೆದುಕೊಂಡು ಹೋಗಿ ರಿಸೆಪ್ಷನ್ನಿನಲ್ಲಿ ಪ್ಲಾಸ್ಟಿಕ್ ಹೂಗಳ ಸಾಲಿನಲ್ಲಿ ಇಟ್ಟರು. ಅಲ್ಲಿ ಕೆಲಸದವರು ಅದೂ ಪ್ಲಾಸ್ಟಿಕ್ಕೇ ಅಂದುಕೊಂಡು ನೀರು ಹಾಕದೆ, ದಿನಾ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ದಾರೆ. ಕೊನೆಗೊಂದು ದಿನ, ಅದು ಜೀವದ ಗಿಡ ಅನ್ನುವುದನ್ನೇ ಮರೆತ ಯಜಮಾನರು ಫೋನು ಮಾಡಿ, "ಏನವ್ವ, ನಿಮ್ಮ ಪ್ಲಾಸ್ಟಿಕ್ಕು ಎಲೆ ಉದುರುಸ್ತಾ ಅದೆ, ಎಂಥ ಕಂಪ್ನಿ ಮಾಲು ಕೊಟ್ರಿ?" ಎಂದು ನನಗೇ ದಬಾಯಿಸಿದರು.

ಕೆ.ಆರ್. ಪೇಟೆಯ ಬೋರೇಗೌಡರು ಇನ್ನೊಂದು ಬಗೆ. ಅವರ ಮಗಳು ಅಪ್ಪನ ಮನೆಗೆ ಅಂದವಾಗಿರಲಿ ಎಂದು ಒಂದು ಆಲದ ಬೋನ್ಸಾಯ್ ಕೊಡಿಸಿದ್ದಳು. ಕೆಲವು ತಿಂಗಳಾದ ಮೇಲೆ ಗೌಡರು ಖಾಲಿ ಟ್ರೇ ಹಿಡಿದುಕೊಂಡು ನರ್ಸರಿಗೆ ಬಂದರು.

"ಗಿಡ ಎಲ್ಲಿ ಗೌಡ್ರೆ?" ಎಂದೆ.

"ಬುಟ್ಬುಟ್ಟೆ ಕಣವ್ವ. ಕೈಕಾಲ್ಗೆಲ್ಲ ತಂತಿ ಸುತ್ತಿ, ತಟ್ಟೇಲಿ ಕೂರ್ಸಿ, ಬೆಳೀಬ್ಯಾಡ ಅಂದ್ರೆ ಎಂಗವ್ವ? ನೋಡಕ್ಕಾಗ್ನಿಲ್ಲ. ಪಂಪ್‌ಸೆಟ್ ತಾವ ನೆಟ್ಬುಟ್ಟೆ. ಈಗ ನನ್ನ ಮಂಡಿ ಮಟ ಬಂದವ್ನೆ."

"ಮತ್ತೆ ಈಗ ಏನು ಬಂದಿದ್ದು?"

ಗೌಡರು ಶೆಡ್ಡಿನ ಸಾಲುಗಳನ್ನೆಲ್ಲ ಒಮ್ಮೆ ಮರುಕದಿಂದ ನೋಡಿದರು. "ಇನ್ನೊಂದ ಬುಡುಸ್ಕೊಂಡು ವೋಗವಾ ಅಂತ ಬಂದೆ."

ಪಕ್ಕದಲ್ಲೇ ಇದ್ದ ಸಾಹೇಬರು ನನ್ನನ್ನು ಈಚೆಗೆ ಕರೆದು, "ಜಯಮ್ಮ, ಇವರು ಗಿರಾಕಿ ಅಲ್ಲ, ವಕೀಲರು. ಒಂದೊಂದಕ್ಕೇ ಜಾಮೀನು ಕೊಡಿಸ್ಕೊಂಡು ಹೋಗ್ತಾರೆ. ಕೊಟ್ಬಿಡಿ, ನಮ್ಮ ವ್ಯಾಪಾರ ನಮಗೆ" ಎಂದರು. ಗೌಡರು ಆಮೇಲೂ ಬಂದು ಹೋಗಿ ಮಾಡಿದರು. ಅವರ ಪಂಪ್‌ಸೆಟ್ಟಿನ ಸುತ್ತ ಈಗ ಸಣ್ಣ ತೋಪೇ ಇದೆ ಅಂತ ಕೇಳಿದ್ದೇನೆ.

ಇವೆಲ್ಲ ಚಿಲ್ಲರೆ ಪ್ರಸಂಗಗಳು. ನನ್ನ ಕೆಲಸದಲ್ಲಿ ನಿದ್ದೆಗೆಡಿಸಿದ್ದು ಒಂದೇ ಮರ, ಅದು ಸುಮಳ ಅರಳಿ.

ಸುಮ ನಾಗಮಂಗಲದ ಹುಡುಗಿ. ಪಾಂಡವಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಮಹೇಶ ಎಂಬುವನಿಗೆ ಆ ಬೇಸಿಗೆಯಲ್ಲೇ ಮದುವೆಯಾಗಿತ್ತು. ಗಂಡ ಹೆಂಡತಿ ಬೈಕಿನಲ್ಲಿ ಬಂದರು. ಕೈಯ ಮೆಹಂದಿ ಇನ್ನೂ ಪೂರ್ತಿ ಮಾಸಿರಲಿಲ್ಲ. ನಾನು ರೂಢಿಯಂತೆ ಜೇಡ್ ಗಿಡ ತೋರಿಸಿದೆ. ಅವಳು ಅದನ್ನು ದಾಟಿಕೊಂಡು ಶೆಡ್ಡಿನ ಮೂಲೆಗೆ ಹೋಗಿ, ಗೇಣುದ್ದದ ಅರಳಿಯ ಮುಂದೆ ನಿಂತುಬಿಟ್ಟಳು.

"ಇದೇ ಬೇಕು ಅಕ್ಕ."

"ಅರಳಿ ಮನೆಯೊಳಗೆ ಕಷ್ಟ ಕಣವ್ವ. ಬಿಸಿಲು ಕೇಳ್ತದೆ. ಮೊದಲನೇದು ಬೇರೆ. ಜೇಡ್ ತಗೊ, ಇಲ್ಲಾಂದ್ರೆ ಫೈಕಸ್ ತಗೊ."

"ನಮ್ಮ ಹಾಲಲ್ಲಿ ದೊಡ್ಡ ಕಿಟಕಿ ಅದೆ. ಅಕ್ಕಿ ಅಲ್ಲೇ ಆರಿಸ್ತೀನಿ."

ಪ್ರಶ್ನೆ ಕೇಳುವ ಮೊದಲೇ ಉತ್ತರ ಕೊಟ್ಟವಳು ಅವಳೊಬ್ಬಳೇ. ಇನ್ನೊಬ್ಬ ಗಿರಾಕಿಗೆ ನಾನು ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡಿದ್ದಾಳೆ. ಕೊಡಲು ಒಪ್ಪಿದೆ. ಸಾಹೇಬರಿಗೆ ಮಾತ್ರ ಅಳುಕು. "ಇದು ನಿಮ್ಮ ದೇವರ ಮರ ಅಲ್ವಾ ಜಯಮ್ಮ? ಮನೆ ಒಳಗೆ ಇಟ್ರೆ ಏನಾದ್ರೂ ತಕರಾರು ಆಗ್ತದಾ?" ಎಂದರು.

"ಇನ್ನೂ ಗೇಣುದ್ದ ಅದೆ ಸಾಹೇಬ್ರೆ. ದೇವರು ಬರೋಕೆ ಟೈಮು ಹಿಡೀತದೆ" ಎಂದೆ.

ದೇವರು ಅವತ್ತೇ ಬಂದುಬಿಟ್ಟಿದ್ದ. ಸುಮಳ ಅತ್ತೆ ನಿಂಗಮ್ಮ ಬಾಗಿಲಲ್ಲೇ ಎಲೆಯನ್ನು ಗುರುತು ಹಿಡಿದು, "ಅಯ್ಯೋ, ಅಶ್ವತ್ಥ ಅಲ್ವೇನೆ? ಮನೆವೊಳಿಕ್ಕೆ ತಂದ್ಬುಟ್ಯಾ?" ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡರಂತೆ. ಅರಳಿಯನ್ನು ಮನೆಯೊಳಗೆ ಇಡಬಾರದು. ಬಂದ ಅರಳಿಯನ್ನು ಆಚೆಗೆ ಹಾಕಲೂಬಾರದು. ಎರಡರ ನಡುವೆ ಒಂದು ಹೊತ್ತು ಯೋಚಿಸಿ, ನಿಂಗಮ್ಮ ಸ್ನಾನ ಮಾಡಿ ಬಂದು ಅರಿಶಿನ ಕುಂಕುಮ ಹಚ್ಚಿಬಿಟ್ಟರು. ಅವರಿಗೂ ಒಂದು ಅನುಕೂಲ ಕಂಡಿತ್ತು. ಮನೆ ಇದ್ದದ್ದು ಮಹಡಿ ಮೇಲೆ. ಮಂಡಿನೋವಿನಿಂದಾಗಿ ಅವರು ಮೆಟ್ಟಿಲಿಳಿದು ಅರಳಿಕಟ್ಟೆ ಸುತ್ತುವುದು ನಿಂತು ಎಷ್ಟೋ ಕಾಲವಾಗಿತ್ತು. ಈಗ ಕಟ್ಟೆಯೇ ಟೀಪಾಯಿ ಮೇಲೆ ಬಂದು ಕೂತಿತ್ತು.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಸುಮ ಫೋನು ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು. "ಜಯಕ್ಕ, ಎಲೆ ಎಲ್ಲ ಹಳದಿ ಆಗಿ ಬೀಳ್ತಾ ಅವೆ. ಮರ ಸತ್ತೋದ್ರೆ ನನ್ನ ಕಾಲ್ಗುಣ ಅಂತಾರೆ. ಬೀದಿಲಿರೋರೆಲ್ಲ ಅಂತಾರೆ. ಒಂದ್ಸಲ ಬಂದು ನೋಡ್ತೀರಾ?"

ಮದುವೆಯಾಗಿ ಒಂದು ಆಷಾಢವೂ ಕಳೆಯದ ಹುಡುಗಿ. ಅವಳು ತಂದ ಅರಳಿ ಮನೆಯೊಳಗೆ ಒಣಗಿದರೆ ಆ ಮಾತು ಅವಳ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ, ನಮ್ಮ ಕಡೆಯ ಬೀದಿಗಳ ಬಾಯಿ ನನಗೆ ಗೊತ್ತು. ಮರುದಿನವೇ ಪಾಂಡವಪುರದ ಬಸ್ಸು ಹತ್ತಿದೆ.

ಹಾಲಿನೊಳಕ್ಕೆ ಕಾಲಿಟ್ಟರೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೋಫಾ ಗೋಡೆಗೆ ಒತ್ತಿತ್ತು. ಟೀವಿಗೆ ನೀರು ಸಿಡಿಯದಂತೆ ಪ್ಲಾಸ್ಟಿಕ್ ಹೊದಿಸಿದ್ದರು. ನಡುವೆ ಟೀಪಾಯಿ, ಟೀಪಾಯಿಯ ಮೇಲೆ ನನ್ನ ಅರಳಿ. ಅದರ ಸುತ್ತ ಬೀದಿಯ ವಯಸ್ಸಾದ ಹೆಂಗಸರೆಲ್ಲ ಒಬ್ಬರ ಹಿಂದೆ ಒಬ್ಬರು, ಸೊಂಟ ಹಿಡಿದುಕೊಂಡು ಸುತ್ತುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದು ಚೊಂಬು. ಸುತ್ತು ಮುಗಿದವರು ಬುಡಕ್ಕೆ ನೀರೆರೆದು ಕೈಮುಗಿಯುತ್ತಿದ್ದರು. ಕಾಂಡಕ್ಕೆ ಹಳದಿ ದಾರ ಎಷ್ಟು ಸುತ್ತಿದ್ದರೆಂದರೆ ನಾನು ಅಷ್ಟು ಅಚ್ಚುಕಟ್ಟಾಗಿ ಕೊಟ್ಟಿದ್ದ ಬಾಗು ಎಲ್ಲಿದೆ ಅಂತಲೇ ಕಾಣಿಸಲಿಲ್ಲ.

ಕುಂಡ ಎತ್ತಿ ತಳ ನೋಡಿದೆ. ತೂತು ಮುಚ್ಚಿತ್ತು.

"ನೀರು ಸೋರಿ ಟೀಪಾಯಿ ಹಾಳಾಯ್ತಿತ್ತು ಕಣಕ್ಕ" ಎಂದ ಮಹೇಶ, ತಾನೊಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ. "ಅದ್ಕೆ ಎಂಸೀಲ್ ಆಕ್ಬುಟ್ಟೆ. ಈಗ ಒಂದು ತೊಟ್ಟು ಆಚೆ ಬರಕಿಲ್ಲ."

ಅಂದರೆ ಬೀದಿಯ ಭಕ್ತಿಯೆಲ್ಲ ಒಂದು ಹೋಳಿಗೆ ತಟ್ಟೆಯಷ್ಟು ಅಗಲದ ಟ್ರೇಯೊಳಗೆ ನಿಂತಿತ್ತು. ಬೇರು ಕೊಳೆಯದೆ ಇನ್ನೇನು ಮಾಡೀತು? ಹೀಗೆ ಎಲೆ ಉದುರುತ್ತಿದ್ದರೂ ಯಾರಿಗೂ ಯಾಕೆ ಗಾಬರಿಯಾಗಲಿಲ್ಲ ಎಂದು ನಾನು ಯೋಚಿಸುತ್ತಿದ್ದಾಗ, ಸುತ್ತುತ್ತಿದ್ದ ಒಬ್ಬಾಕೆ ಮರದ ಮುಂದೆ ನಿಂತು, "ನಮ್ಮ ಬೋರಿಗೆ ಬಡಗಣ ಮೂಲೇಲಿ ನೀರು ಸಿಕ್ತದಾ ಸ್ವಾಮಿ?" ಎಂದು ಕೇಳಿದಳು. ಒಂದು ಹಳದಿ ಎಲೆ ಕಳಚಿ ಟೀಪಾಯಿಯ ಬಲಗಡೆಗೆ ಬಿತ್ತು. ಎಲ್ಲರೂ ಕೈಮುಗಿದರು. ಆಕೆ ಎಲೆಯನ್ನು ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿಕೊಂಡಳು.

ದೇವಸ್ಥಾನದಲ್ಲಿ ಹೂವು ಬಲಕ್ಕೆ ಬಿದ್ದರೆ ಪ್ರಸಾದವಾಯಿತು ಅನ್ನುತ್ತೇವಲ್ಲ, ಇಲ್ಲಿ ಎಲೆ. ಮರ ಎಷ್ಟೆಷ್ಟು ಸಾಯುತ್ತಿತ್ತೋ ಅಷ್ಟಷ್ಟು ವರ ಕೊಡುತ್ತಿತ್ತು. ಹುಡುಗಿಗೆ ಗಂಡು ಗೊತ್ತು ಮಾಡುವುದರಿಂದ ಹಿಡಿದು ಪಿತ್ತಕೋಶದ ಆಪರೇಷನ್ ಮಾಡಿಸುವವರೆಗೆ ಬೀದಿಯ ಎಲ್ಲ ತೀರ್ಮಾನವೂ ಆ ಟೀಪಾಯಿ ಮೇಲೆ ಆಗಿತ್ತು. ಅಲ್ಲಿ ಉಳಿದಿದ್ದ ಎಲೆಗಳನ್ನು ನೋಡಿದರೆ ಇನ್ನು ಹೆಚ್ಚು ಪ್ರಶ್ನೆಗಳಿಗೆ ಜಾಗವಿರಲಿಲ್ಲ.

ಹೆಂಗಸರೆಲ್ಲ ಹೋದ ಮೇಲೆ ನಿಂಗಮ್ಮನವರಿಗೆ ಮೆಲ್ಲಗೆ ಹೇಳಿದೆ, "ಅಮ್ಮಾರೆ, ನೀರು ಜಾಸ್ತಿ ಆಗ್ಬುಟ್ಟದೆ. ಸ್ವಲ್ಪ ದಿನ ನೀರೆರೆಯೋದು ನಿಲ್ಸಿ."

ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ದೇವ್ರಿಗೆ ಗಂಗೆ ಬ್ಯಾಡ ಅಂತೀಯಾ? ನಿಮ್ಮ ಮನೇಲಿ ದ್ಯಾವ್ರ ತಲೆ ಮ್ಯಾಲೆ ಏನು, ಉಪ್ಪಿನಕಾಯಿ ಇಕ್ತೀರಾ?"

ಮಹಡಿಯ ಮೇಲಿನ ತಾರಸಿಗೆ ಹೋಗಿ ಸಾಹೇಬರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ಅಂಥದ್ದೇ ಇನ್ನೊಂದು ಶೆಡ್ಡಲ್ಲಿ ಅದೆಯಲ್ಲ. ಬದಲಾಯಿಸಿಬಿಡಿ. ಆ ದಾರ ಇದಕ್ಕೆ ಸುತ್ತಿದ್ರೆ ಯಾರಿಗೆ ಗೊತ್ತಾಗ್ತದೆ?" ಎಂದರು. ನನಗೂ ಸರಿ ಅನ್ನಿಸಿತು. ತಿರುಗಿದರೆ ಸುಮ ಹಿಂದೆಯೇ ನಿಂತಿದ್ದಳು. ಬೇಡ ಎಂದು ತಲೆಯಾಡಿಸಿದಳು.

"ಇದೇ ಉಳೀಬೇಕು ಅಕ್ಕ."

"ಬೀದಿಯೋರ ಬಾಯಿ ಮುಚ್ಚಿದ್ರೆ ಸಾಕಲ್ವೇನವ್ವ?"

ಆಗ ಅವಳು ಹೇಳಿದಳು. ಅವಳ ತಾಯಿ ನಾಗಮಂಗಲದ ಒಂದು ಅರಳಿಕಟ್ಟೆಯ ಮೇಲೆ ಹೂವು ಮಾರುತ್ತಿದ್ದರು. ಸ್ಕೂಲು ಬಿಟ್ಟು ಬಂದ ಸುಮ ಅಲ್ಲೇ ಕೂತು ಓದಿ, ಅಲ್ಲೇ ಉಂಡು, ಅಲ್ಲೇ ತಾಯಿಯ ತೊಡೆ ಮೇಲೆ ನಿದ್ದೆ ಮಾಡಿದವಳು. ಪಿಯುಸಿ ಓದುವಾಗ ತಾಯಿ ತೀರಿಕೊಂಡರು. ತಂದೆಯನ್ನು ಅವಳು ಕಂಡೇ ಇಲ್ಲ. ಮದುವೆ ಮಾಡಿಕೊಟ್ಟವರು ಸೋದರಮಾವ, ಅವರ ಮನೆಯಲ್ಲಿ ಅವರ ಮಕ್ಕಳಿಗೇ ಜಾಗವಿಲ್ಲ. "ಈ ಎಲೆ ಅಲ್ಲಾಡಿದ್ರೆ ಅಮ್ಮ ಹೂವು ಕಟ್ತಾ ಕೂತಿದ್ದಂಗೆ ಅನ್ಸುತ್ತೆ. ಅದಕ್ಕೇ ತಂದಿದ್ದು. ಅತ್ತೆ ಹಿಂಗೆ ಮಾಡ್ತಾರೆ ಅಂತ ನಂಗೇನು ಗೊತ್ತಿತ್ತು?" ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ನನಗಿರುವುದು ಎರಡೂ ಗಂಡುಮಕ್ಕಳು, ತಾಯಿಯ ಬಗ್ಗೆ ಹೀಗೆ ಮಾತಾಡುವುದು ಅವಕ್ಕೆ ಗೊತ್ತೇ ಇಲ್ಲ. ಸಾಹೇಬರ ಉಪಾಯವನ್ನು ಅಲ್ಲೇ ಬಿಟ್ಟು ಕೆಳಗಿಳಿದೆ.

ನಿಂಗಮ್ಮ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಗೊಣಗುತ್ತಿದ್ದರು. "ಮುಂದಿನ ವಾರ ಆಷಾಢ ಬತ್ತದೆ. ಹೊಸ ಸೊಸೆ, ಅತ್ತೆ ಒಂದೇ ಸೂರಡಿ ಇರಂಗಿಲ್ಲ. ಇವ್ಳ ಕಳ್ಸವಾ ಅಂದ್ರೆ ತವರೇ ಇಲ್ಲ. ಎಲ್ಲಿಗೆ ಅಂತ ಕಳ್ಸನೆ?"

ಆ ಮಾತು ಕೇಳಿದ ಕೂಡಲೇ ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು. "ಅಮ್ಮಾರೆ, ಈ ಮರಾನೂ ಈ ಮನೆಗೆ ಹೊಸದಾಗಿ ಬಂದಿರೋದು. ಇದಕ್ಕೂ ಮೊದಲನೇ ಆಷಾಢ. ತವರಿಗೆ ಕಳಿಸ್ಬೇಕಲ್ವಾ?"

ನಿಂಗಮ್ಮ ತಿರುಗಿದರು. ಶಾಸ್ತ್ರದ ಮಾತು ಬಂದರೆ ಅವರು ಯಾರಿಗೂ ಸುಲಭಕ್ಕೆ ಸೋಲುವವರಲ್ಲ. "ಅಶ್ವತ್ಥ ಗಂಡಲ್ವಾ? ಗಂಡಿಗೆ ಎಲ್ಲೀದವ್ವ ತವರು?"

"ಮನೆ ಅಳಿಯ ಅಂತ ಇಟ್ಕಳಿ. ಮನೆ ಅಳಿಯನಾದ್ರೆ ಆಷಾಢಕ್ಕೆ ಅವನೇ ತಾನೆ ಅವರಮ್ಮನ ಮನೆಗೆ ಹೋಗ್ಬೇಕಾದ್ದು? ಇವನು ಹುಟ್ಟಿದ್ದು ನಮ್ಮ ನರ್ಸರೀಲಿ."

ನಿಂಗಮ್ಮ ಕ್ಯಾಲೆಂಡರು ಬಿಟ್ಟು ಮರದ ಹತ್ತಿರ ಬಂದರು. ಕೇಳಿದ್ದು ಒಂದೇ ಪ್ರಶ್ನೆ. "ಅಂಗಂದ್ರೆ ನಾನು ಅವ್ನಿಗೆ ಅತ್ತೆ ಆಯ್ತೀನಾ?"

"ಮತ್ತಿನ್ಯಾರು?"

ದೇವರಿಗೆ ಅತ್ತೆಯಾಗುವ ಯೋಗ ಎಲ್ಲರಿಗೂ ಬರುತ್ತದೆಯೇ. ನಿಂಗಮ್ಮನ ಮುಖ ಅರಳಿತು. ಮರುಗಳಿಗೆಯೇ ಅತ್ತೆಯ ಜವಾಬ್ದಾರಿಯೂ ಬಂತು. "ಒಂಟಿಯಾಗಿ ಕಳ್ಸಬಾರ್ದು. ಜೊತ್ಗೆ ಸುಮ ಬರ್ಲಿ. ಅವ್ನೂ ತವರ್ಗೋದಂಗಾಯ್ತು, ಇವ್ಳೂ ನನ್ನ ಕಣ್ಮುಂದಿಂದ ಆಚೆಗೆ ಇದ್ದಂಗಾಯ್ತು. ನಿಮ್ಮನೇಲಿ ಜಾಗ ಅದಾ?"

ಜಾಗ ಅದೆ ಎಂದೆ. ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಅರಿಶಿನದ ಕೊಂಬು ಎಲ್ಲ ಸೇರಿಸಿ ಸುಮಳ ಮಡಿಲು ತುಂಬಿದರು. ಮರಕ್ಕೂ ಒಂದು ಸಣ್ಣ ಗಂಟು ಕಟ್ಟಿ ಕುಂಡದ ಕೊರಳಿಗೆ ಬಿಗಿದರು.

ಬಸ್ಸಿನಲ್ಲಿ ಮರ ಸುಮಳ ತೊಡೆ ಮೇಲೆ ಕೂತಿತ್ತು. ನಾವಿಬ್ಬರೂ ಆಧಾರ್ ಕಾರ್ಡ್ ತೋರಿಸಿದೆವು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಕಂಡಕ್ಟರುಗಳಿಗೂ ಮಾತಾಡಲು ಪುರುಸೊತ್ತು ಜಾಸ್ತಿ. ಮರದ ಅರಿಶಿನ ಕುಂಕುಮ, ಕೊರಳಿನ ಗಂಟು ನೋಡಿ ನಮ್ಮ ಬಸ್ಸಿನ ಕಂಡಕ್ಟರು, "ಇದೇನಮ್ಮ?" ಎಂದ.

"ಆಷಾಢಕ್ಕೆ ತವರಿಗೆ ಹೋಗ್ತಾ ಅದೆ" ಎಂದೆ, ಬಾಯಿ ಸುಮ್ಮನಿರದೆ.

"ಹೆಣ್ಣಾ?"

"ಇಲ್ಲ, ಮನೆ ಅಳಿಯ."

"ಗಂಡಾದ್ರೆ ಟಿಕೇಟು ತಗಳಿ ಮತ್ತೆ" ಎಂದು ಆತ ಲಗೇಜು ಚೀಟಿ ಹರಿದೇಬಿಟ್ಟ. ಅರ್ಧ ಗಂಟೆ ಮೊದಲು ನಿಂಗಮ್ಮನ ಮುಂದೆ ಅದು ಗಂಡೆಂದು ವಾದ ಮಾಡಿ ಗೆದ್ದವಳು ನಾನೇ, ಈಗ ತಕರಾರು ಮಾಡುವ ಹಾಗಿರಲಿಲ್ಲ. ಸುಮ ಕಿಟಕಿಯ ಕಡೆ ತಿರುಗಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನರ್ಸರಿಗೆ ಬಂದು ಗಿಡವನ್ನು ಕುಂಡದಿಂದ ಈಚೆಗೆ ತೆಗೆದರೆ ಸಾಹೇಬರು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಬೇರೆಲ್ಲ ಕಪ್ಪಾಗಿ ಲೊಳಲೊಳ ಅನ್ನುತ್ತಿತ್ತು. ಕೊಳೆತದ್ದನ್ನೆಲ್ಲ ಕತ್ತರಿಸಿದ ಮೇಲೆ ಒಳ್ಳೆಯ ಬೇರು ಒಂದು ಹಿಡಿಯೂ ಉಳಿಯಲಿಲ್ಲ. ದಾರಗಳನ್ನು ಒಂದೊಂದೇ ಬಿಡಿಸಿ ಸುಮಳ ಕೈಗೆ ಕೊಟ್ಟೆ. ಎಂಸೀಲ್ ಕೊರೆದು ತೂತು ಬಿಡಿಸಿದೆ. ಜಲ್ಲಿ ಕಲೆಸಿದ, ನೀರು ನಿಲ್ಲದ ಮಣ್ಣಿನಲ್ಲಿ ನೆಟ್ಟು ಶೆಡ್ಡಿಗೆ ನೆರಳಿಗೆಂದು ಕಟ್ಟಿದ್ದ ಹಸಿರು ಬಲೆಯ ಕೆಳಗೆ ಇಟ್ಟೆ. ಇದ್ದಬದ್ದ ಎಲೆಯೂ ಉದುರಿ ಅದು ಬರೀ ಕಡ್ಡಿಯಾಗಿ ನಿಂತಿತು.

ಸುಮ ಪಾಲಹಳ್ಳಿಯ ನಮ್ಮ ಮನೆಯಲ್ಲಿದ್ದು, ನನ್ನ ಜೊತೆ ದಿನಾ ನರ್ಸರಿಗೆ ಬರುತ್ತಿದ್ದಳು. ಮೊದಲ ಕೆಲಸವೇ ಮರ ನೋಡುವುದು. "ಬದುಕ್ತದಾ ಅಕ್ಕ?" ಎಂದು ಕೇಳಿದಾಗ ಉಗುರಿನಿಂದ ತೊಗಟೆಯನ್ನು ಒಂದಿಷ್ಟೇ ಕೆರೆದು ತೋರಿಸಿದೆ. ಒಳಗೆ ಹಸಿರಿತ್ತು. "ಹಸಿರು ಇರೋವರೆಗೂ ಕಾಯ್ಬೇಕು. ನೀರು ಯಾವಾಗ ಅಂತ ಗಡಿಯಾರ ನೋಡ್ಬೇಡ. ಉಗುರು ಮುಳುಗೋವಷ್ಟು ಬೆರಳನ್ನ ಮಣ್ಣಿಗೆ ಹಾಕು. ಒಣಗಿದ್ರೆ ಮಾತ್ರ ಹಾಕು, ಹಾಕಿದ್ರೆ ತಳದಿಂದ ಸೋರೋವರೆಗೂ ಹಾಕು" ಎಂದೆ. ಅವಳಿಗೆ ಹೇಳಿದಷ್ಟು ಧೈರ್ಯ ನನಗೇ ಇರಲಿಲ್ಲ. ಹಸಿರಿದ್ದೂ ಚಿಗುರದೆ ಹೋದ ಗಿಡಗಳನ್ನು ನಾನು ಕಂಡಿದ್ದೆ.

ನಿಂಗಮ್ಮ ದಿನವೂ ಫೋನು ಮಾಡುತ್ತಿದ್ದರು. ಸುಮಳನ್ನು ಕೇಳುವ ಮೊದಲು ಅಳಿಯನನ್ನು ಕೇಳುತ್ತಿದ್ದರು. "ಉಣ್ತಾ ಅವ್ನಾ?"

"ಉಣ್ತಾ ಅವ್ನೆ ಅಮ್ಮಾರೆ, ಈಗ ಪಥ್ಯ."

ಸಾಹೇಬರೂ ಬೆಳಿಗ್ಗೆ ಗೇಟು ತೆಗೆಯುತ್ತಲೇ, "ಜಯಮ್ಮ, ಅಳಿಯಂದಿರು ಹೆಂಗವ್ರೆ?" ಎಂದು ವಿಚಾರಿಸುತ್ತಿದ್ದರು. ಜೋರು ಮಳೆ ಬಂದ ಒಂದು ಮಧ್ಯಾಹ್ನ ನಾನು ಶೆಡ್ಡಿಗೆ ಓಡಿದರೆ, ಅವರು ತಮ್ಮ ಕೊಡೆಯನ್ನು ಆ ಕಡ್ಡಿಯ ಮೇಲೆ ಹಿಡಿದು ತಾವು ನೆನೆಯುತ್ತಾ ನಿಂತಿದ್ದರು. "ಯಾರ ದೇವರಾದ್ರೇನು, ಮನೆಗೆ ಬಂದ ಮೆಹಮಾನ್ ಅಲ್ವಾ" ಎಂದರು. ಅವರನ್ನು ನಾನು ಎಷ್ಟು ಸಲ ಬೈದುಕೊಂಡಿದ್ದರೂ, ಆವತ್ತಿನಿಂದ ಮನಸ್ಸಿನಲ್ಲಿ ಅವರಿಗೆ ಬೇರೆಯೇ ಜಾಗ.

ಆಷಾಢ ಮುಗಿಯುತ್ತಾ ಬಂದರೂ ಕಡ್ಡಿ ಕಡ್ಡಿಯಾಗಿಯೇ ಇತ್ತು. ಭೀಮನ ಅಮಾವಾಸ್ಯೆಯ ಹಿಂದಿನ ದಿನ ಸುಮ ಕೂಗಿಕೊಂಡಳು. ಹೋಗಿ ನೋಡಿದರೆ ತುದಿಯಲ್ಲಿ ಕೆಂಪಗೆ, ಅಕ್ಕಿಕಾಳಿನಷ್ಟು ಒಂದು ಮೊಗ್ಗು. ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು, ನಾನೂ ಅತ್ತೆ. ಸಾಹೇಬರು ಕಣ್ಣಿಗೆ ಧೂಳು ಬಿತ್ತು ಎಂದರು. ಮಳೆ ಬಿದ್ದು ನೆಲವೆಲ್ಲ ಕೆಸರಾಗಿದ್ದ ದಿನ ಧೂಳು ಎಲ್ಲಿಂದ ಬಂತೋ.

ಶ್ರಾವಣದಲ್ಲಿ ನಿಂಗಮ್ಮ ಆಟೋ ಮಾಡಿಕೊಂಡು, ಶಾಸ್ತ್ರಕ್ಕೆ ತಕ್ಕಂತೆ ಕರೆದುಕೊಂಡು ಹೋಗಲು ತಾವೇ ಬಂದರು. ಅಷ್ಟರಲ್ಲಿ ಮರಕ್ಕೆ ಬೆರಳೆಣಿಕೆಯಷ್ಟು ಎಳೆ ಎಲೆ ಬಂದಿತ್ತು, ತಾಮ್ರದ ಬಣ್ಣದವು. ನಿಂಗಮ್ಮ ಮರ ನೋಡಿದರು, ಸುಮಳನ್ನು ನೋಡಿದರು, ಮತ್ತೆ ಮರ ನೋಡಿದರು.

"ಇವ್ಳು ನೋಡಿದ್ರೆ ದುಂಡಗಾಗವ್ಳೆ. ಅವ್ನು ಇಂಗೆ ಸೊರಗೋಗವ್ನೆ. ಇವ್ಳಿಗೆ ಇಕ್ಕಿದ್ದರಾಗೆ ಅವ್ನಿಗೂ ಒಂದು ತುತ್ತು ಇಕ್ಬಾರ್ದಿತ್ತೇನವ್ವ?"

ಕಾಲ್ಗುಣದ ಮಾತು ಬರಲೇ ಇಲ್ಲ. ತಪ್ಪೆಲ್ಲ ತವರಿನವರ ಮೇಲೆ ಬಂದಿತ್ತು, ತವರಿನವಳು ನಾನು. ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ವಾಪಸ್ ಕಳಿಸುವಾಗ ಕಾವೇರಿಯ ಒಂದು ದುಂಡುಕಲ್ಲನ್ನು ಬೇರೆ ತಟ್ಟೆಯಲ್ಲಿಟ್ಟು ಕೊಟ್ಟೆ. ಸುತ್ತು ಬಂದವರು ನೀರನ್ನು ಕಲ್ಲಿಗೆ ಎರೆಯಲಿ, ಮರಕ್ಕೆ ಸುಮ ಒಬ್ಬಳೇ ಹಾಕಲಿ, ಅದು ಅವನ ಪಥ್ಯ ಎಂದೆ. ನಿಂಗಮ್ಮ ಒಪ್ಪಿದರು. ಮರ ಚೇತರಿಸಿಕೊಂಡ ಮೇಲೆ ಎಲೆ ಉದುರುವುದು ನಿಂತಿತು. ಪ್ರಸಾದವೂ ನಿಂತಿತು. ದೇವರು ಮಾತಾಡುತ್ತಿಲ್ಲ ಎಂದು ಬೀದಿಯವರು ಬೇಸರ ಮಾಡಿಕೊಂಡಾಗ ನಿಂಗಮ್ಮ, "ಎಲ್ಲದ್ನೂ ನನ್ನ ಅಳಿಯನೇ ಯೋಳ್ಬೇಕಾ? ನಿಮ್ಗೇನು ಬುದ್ಧಿ ಇಲ್ವಾ?" ಎಂದು ಗದರಿಸಿದರಂತೆ.

ಆಮೇಲಿನ ವರ್ಷ ಸಾಹೇಬರು ಗೇಟಿಗೆ ಒಂದು ಬೋರ್ಡು ಹಾಕಿಸಿದರು, "ಬೋನ್ಸಾಯ್‌ಗಳಿಗೆ ಆಷಾಢದ ತವರು ವ್ಯವಸ್ಥೆ ಇದೆ." ಜನ ನಕ್ಕುಕೊಂಡೇ ತಂದು ಬಿಟ್ಟರು. ಮೇಲುಕೋಟೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಫೈಕಸ್ಸನ್ನು ಪಂಚಾಂಗ ನೋಡಿ, ರಾಹುಕಾಲ ಕಳೆದ ಮೇಲೆ ತಂದರು. ವರ್ಷವೆಲ್ಲ ಮನೆಯೊಳಗಿದ್ದ ಗಿಡಕ್ಕೆ ಒಂದು ತಿಂಗಳು ಆಚೆಯ ಗಾಳಿ, ತುಂತುರು, ಬೆಳಗಿನ ಬಿಸಿಲು ಸಿಕ್ಕರೆ ಉಳಿದ ತಿಂಗಳು ತಾನೇ ಸುಧಾರಿಸಿಕೊಳ್ಳುತ್ತದೆ. ನೀವು ಡಿಪ್ಲೊಮಾದಲ್ಲಿ ಇದನ್ನು ಬೇರೆ ಹೆಸರಿನಲ್ಲಿ ಓದಿರಬಹುದು. ಗಿರಾಕಿಗೆ ಹೇಳುವಾಗ ತವರು ಅಂತಲೇ ಹೇಳಿ, ಮರೆಯದೆ ತರುತ್ತಾರೆ.

ಆಷಾಢದ ಶಾಸ್ತ್ರ ಮೊದಲ ವರ್ಷಕ್ಕೆ ಮಾತ್ರ. ಆದರೆ ಮರವನ್ನು ಒಂಟಿಯಾಗಿ ಕಳಿಸಬಾರದು ಎಂಬ ನೆಪದಲ್ಲಿ ನಿಂಗಮ್ಮ ಪ್ರತಿವರ್ಷ ಸುಮಳನ್ನೂ ಕಳಿಸುತ್ತಾರೆ. ನಾನು ಕೆಲಸ ಬಿಟ್ಟ ಮೇಲೂ ಅದು ತಪ್ಪಿಲ್ಲ. ಮರ ನರ್ಸರಿಗೆ ಹೋಗುತ್ತದೆ, ಸುಮ ನಮ್ಮ ಮನೆಗೆ ಬರುತ್ತಾಳೆ. ಈ ಸಲ ಅವಳು ಬಂದ ಎರಡು ದಿನಕ್ಕೆ ಬಾಗಿಲಲ್ಲಿ ಆಟೋ ನಿಂತಿತು. ನಿಂಗಮ್ಮ ಒಂದು ಬ್ಯಾಗು ಹಿಡಿದುಕೊಂಡು ಇಳಿದರು.

"ಏನಮ್ಮಾರೆ, ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಡಿ ಇರಬಾರ್ದು ಅಂತ ನೀವೇ ಹೇಳೋರು?" ಎಂದೆ.

"ಅದು ನನ್ನ ಸೂರಿನ ಮಾತು ಕಣವ್ವ. ಇದು ನಿನ್ನ ಸೂರು." ಮಂಡಿ ಹಿಡಿದುಕೊಂಡು ಒಂದು ಮೆಟ್ಟಿಲು ಹತ್ತಿದರು. "ಬರೀ ಟೀಪಾಯಿ ನೋಡ್ಕಂಡು ಎಷ್ಟೊತ್ತು ಅಂತ ಕುಂತಿರ್ಲಿ? ನನ್ನ ತವರಲ್ಲಾದ್ರೂ ಯಾರವ್ರೆ?"

ಸುಮ ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದುಕೊಟ್ಟಳು. ನಿಂಗಮ್ಮ ಚೊಂಬು ಹಿಡಿದು ನೇರವಾಗಿ ಜಗಲಿಯ ಮೇಲಿದ್ದ ನನ್ನ ಜೇಡ್ ಗಿಡದ ಹತ್ತಿರ ಹೋದರು. ನಾನೂ ಸುಮಳೂ ಹಿಂದೆಯೇ ಓಡಿದೆವು. ಅವರು ಚೊಂಬನ್ನು ಕೆಳಗಿಟ್ಟರು. ಬಗ್ಗಿ, ತೋರುಬೆರಳನ್ನು ಉಗುರು ಮುಳುಗುವಷ್ಟು ಮಣ್ಣಿಗೆ ಹಾಕಿ ತೆಗೆದು, ಬೆರಳನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಇನ್ನೂ ತ್ಯಾವ ಅದೆ ಕಣ್ರವ್ವ. ನಾಳೀಕೆ ಆಕವಾ" ಎಂದರು. ಆಮೇಲೆ ಚೊಂಬಿನ ನೀರನ್ನು ತಮ್ಮ ಕಾಲಿಗೆ ಹಾಕಿಕೊಂಡು ಒಳಗೆ ಬಂದರು.